ಹಳೇ ರಿಕ್ವೆಸ್ಟ್ ಲೈಬ್ರರಿ: ಇಟ್ಟುಕೊಳ್ಳೋದಾ, ತೆಗೆಯೋದಾ?

ನೋಡ್ ಜೆಎಸ್ (ಸರ್ವರಿನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ವ್ಯವಸ್ಥೆ) ಪ್ರಾಜೆಕ್ಟಿನಲ್ಲಿ ಲೈಬ್ರರಿಗಳನ್ನು ತರಲು ಎನ್‌ಪಿಎಂ ಇನ್‌ಸ್ಟಾಲ್ ಕೊಟ್ಟಾಗ 'ರಿಕ್ವೆಸ್ಟ್ ಡೆಪ್ರಿಕೇಟೆಡ್' (ಇದರ ನಿರ್ವಹಣೆ ನಿಂತಿದೆ, ಬಳಸಬೇಡಿ) ಅಂತ ಒಂದು ಸಾಲು ಬರುತ್ತದಲ್ಲ, ಅದನ್ನು ಎಷ್ಟೋ ಜನ ನೋಡಿಯೂ ನೋಡದ ಹಾಗೆ ಇರುತ್ತಾರೆ. ಹೊರಗಿನ ಎಪಿಐ (ಬೇರೆ ಸೇವೆಯ ಜೊತೆ ಪ್ರೋಗ್ರಾಂ ಮಾತಾಡುವ ದಾರಿ) ಕರೆಯಬೇಕೆಂದರೆ ಒಂದು ಕಾಲಕ್ಕೆ ಮೊದಲು ಕೈ ಹೋಗುತ್ತಿದ್ದದ್ದು ಈ ರಿಕ್ವೆಸ್ಟ್ ಲೈಬ್ರರಿಗೇ. 2020ರ ಫೆಬ್ರವರಿಯಲ್ಲಿ ಅದನ್ನು ನಿಲ್ಲಿಸಿದರು. ಕೊನೆಯ ಆವೃತ್ತಿ 2.88.2.

ನಿಲ್ಲಿಸಿದರು ಅಂದ ಮಾತ್ರಕ್ಕೆ ಕೆಟ್ಟಿದೆ ಅಂತಲ್ಲ, ಈಗಲೂ ಓಡುತ್ತದೆ. 'ತೆಗೆದುಬಿಡೋಣ್ವಾ ಸಾರ್?' ಅಂತ ಯಾರಾದರೂ ಕೇಳಿದರೆ ನನ್ನ ಮೊದಲ ಪ್ರಶ್ನೆ ಇಷ್ಟೇ: ಕರೆ ಹೋಗುವ ಯುಆರ್‌ಎಲ್ ಯಾರು ಕೊಡುತ್ತಾರೆ?

ಪೇಮೆಂಟ್ ಗೇಟ್‌ವೇ, ಎಸ್ಸೆಮ್ಮೆಸ್ ಸೇವೆ ಥರ ಕೋಡ್‌ನಲ್ಲೇ ಬರೆದಿಟ್ಟ ವಿಳಾಸವಾದರೆ ಅಂಥ ಅವಸರವಿಲ್ಲ. ಗ್ರಾಹಕರೇ ವೆಬ್‌ಹುಕ್ ವಿಳಾಸ (ಏನಾದರೂ ಆದಾಗ ನಿಮ್ಮ ಸರ್ವರ್ ಸುದ್ದಿ ಕಳಿಸಬೇಕಾದ ಯುಆರ್‌ಎಲ್) ತುಂಬುತ್ತಾರಾ? ಹಾಗಾದರೆ ಇವತ್ತೇ ಕೂರಿ. ಕಾರಣ ಈ ಲೈಬ್ರರಿಯಲ್ಲಿ ಸಿವಿಇ-2023-28155 ಅಂತ ದಾಖಲಾಗಿರುವ ಭದ್ರತಾ ದೋಷ. ಒಳಗಿನ ನೆಟ್‌ವರ್ಕಿಗೆ ಕರೆ ಹೋಗದಂತೆ ನೀವು ಏಜೆಂಟ್‌ನಲ್ಲಿ (ಕರೆಯ ಕನೆಕ್ಷನ್ ನೋಡಿಕೊಳ್ಳುವ ಭಾಗ) ತಡೆ ಹಾಕಿರುತ್ತೀರಿ. ಕಿಡಿಗೇಡಿ ತನ್ನ ಎಚ್‌ಟಿಟಿಪಿಎಸ್ ವಿಳಾಸ ಕೊಟ್ಟು, ಅಲ್ಲಿಂದ ಸಾದಾ ಎಚ್‌ಟಿಟಿಪಿಗೆ ರೀಡೈರೆಕ್ಟ್ ಮಾಡುತ್ತಾನೆ. ಪ್ರೋಟೊಕಾಲ್ ಬದಲಾದ ಕೂಡಲೇ ಲೈಬ್ರರಿ ನಿಮ್ಮ ಏಜೆಂಟನ್ನೇ ಕಿತ್ತುಹಾಕುತ್ತದೆ. ಅದರ ಜೊತೆ ತಡೆಯೂ ಹೋಯಿತು. ಇನ್ನು ಕರೆ 169.254.169.254ಕ್ಕೆ ಹೋಗಬಹುದು. ಕ್ಲೌಡ್ ಸರ್ವರಿನ ಮೆಟಾಡೇಟಾ, ಕೆಲವೊಮ್ಮೆ ತಾತ್ಕಾಲಿಕ ಕೀಗಳು ಸಿಗುವ ಜಾಗ ಅದು. ಟೆಸ್ಟಿಂಗ್ ಟೂಲ್ ಮಾಡುವ ಸೈಪ್ರೆಸ್‌ನವರು ಈ ಲೈಬ್ರರಿಯ ತಮ್ಮದೇ ಪ್ರತಿಯ (ಫೋರ್ಕ್) 3.0.0ರಲ್ಲಿ ಇದನ್ನು ಸರಿಮಾಡಿದ್ದಾರೆ. ಮೂಲ ಲೈಬ್ರರಿಯಲ್ಲಿ ಸರಿಮಾಡುವವರಿಲ್ಲ.

'ನಾವು ಅದನ್ನು ಬಳಸೋದೇ ಇಲ್ಲ' ಅನ್ನುವವರು ಸುಮ್ನೆ ಒಂದು ಸಲ 'ಎನ್‌ಪಿಎಂ ಎಲ್‌ಎಸ್ ರಿಕ್ವೆಸ್ಟ್' ಓಡಿಸಿ ನೋಡಿ. ಬೇರೆ ಯಾವುದೋ ಪ್ಯಾಕೇಜಿನ ಜೊತೆ ಒಳಗೆ ಬಂದು ಕೂತಿರಬಹುದು.

ತೆಗೆಯುವಾಗಲೂ ಜೋಪಾನ. ನೋಡ್ 18ರಿಂದ ಇಂಥ ಕರೆ ಮಾಡುವ ಫೆಚ್ ಫಂಕ್ಷನ್ ಜೊತೆಗೇ ಬರುತ್ತದೆ, ಬೇರೆ ಲೈಬ್ರರಿ ಬೇಕಿಲ್ಲ ಅನ್ನೋದು ನಿಜ. ಆದರೆ ಹಳೇ ಕೋಡ್ ರಿಕ್ವೆಸ್ಟ್ ಮೇಲೆ ಕಟ್ಟಿದ ರಿಕ್ವೆಸ್ಟ್-ಪ್ರಾಮಿಸ್ ಎಂಬ ಲೈಬ್ರರಿ ಮೇಲೆ ನಿಂತಿದ್ದರೆ, ಅದು 404 (ಸಿಗಲಿಲ್ಲ), 500 (ಸರ್ವರ್ ತಪ್ಪು) ಬಂದಾಗ ತಾನಾಗಿಯೇ ಎರರ್ ಎಸೆಯುತ್ತಿತ್ತು. ಫೆಚ್ ಎಸೆಯುವುದಿಲ್ಲ. ನೀವು ರೆಸ್ಪಾನ್ಸ್‌ನ 'ಓಕೆ' ನೋಡದಿದ್ದರೆ ಆ ಕಡೆ ಬಿದ್ದುಹೋದ ಆರ್ಡರ್ ಈ ಕಡೆ 'ಯಶಸ್ವಿ' ಅಂತ ಕೂರುತ್ತದೆ. ಲಾಗ್‌ನಲ್ಲೂ ಸುಳಿವಿರುವುದಿಲ್ಲ. ಅದಕ್ಕೇ ನಾನು ಲೈಬ್ರರಿ ಬದಲಿಸುವ ಮೊದಲು ಒಂದು ನಕಲಿ ಸರ್ವರ್ ನಿಲ್ಲಿಸಿ, 500 ಕೊಟ್ಟರೆ, ರೀಡೈರೆಕ್ಟ್ ಮಾಡಿದರೆ, ಉತ್ತರವನ್ನೇ ಕೊಡದಿದ್ದರೆ ಹಳೇ ಕೋಡ್ ಏನು ಮಾಡುತ್ತದೆ ಅಂತ ಟೆಸ್ಟ್ ಬರೆಸುತ್ತೇನೆ. ಹೊಸ ಕೋಡೂ ಅವೇ ಟೆಸ್ಟ್ ಪಾಸಾಗಬೇಕು.

ಕೋಡ್‌ನಲ್ಲಿ 'ಸ್ಟ್ರಿಕ್ಟ್‌ಎಸ್‌ಎಸ್‌ಎಲ್: ಫಾಲ್ಸ್' ಅಂತ ಎಲ್ಲಾದರೂ ಇದೆಯಾ ಅಂತಲೂ ಹುಡುಕಿ. ಯಾವತ್ತೋ ಅವಸರದಲ್ಲಿ ಯಾರೋ ಸರ್ಟಿಫಿಕೇಟ್ ತಪಾಸಣೆ ಆಫ್ ಮಾಡಿರುತ್ತಾರೆ. ಫೆಚ್ ಸರ್ಟಿಫಿಕೇಟ್ ತಪಾಸಣೆ ಮಾಡುವುದರಿಂದ, ಸರ್ಟಿಫಿಕೇಟ್ ಸರಿಯಿಲ್ಲದಿದ್ದರೆ ಫೆಚ್‌ಗೆ ಹೋದ ದಿನ ಆ ಕರೆ ನಿಲ್ಲುತ್ತದೆ. ಆಗ ಬೈಗುಳ ಫೆಚ್‌ಗೆ!