ತಲಾವಾರು ಪಾವತಿ: ಇಂಗ್ಲೆಂಡಿನ ಕುಟುಂಬ ವೈದ್ಯರಿಗೆ ಹಣ ಬರುವ ಬಗೆ

ರೋಗಿ ವರ್ಷದಲ್ಲಿ ಎಷ್ಟು ಸಲ ಬಂದರೆಂದು ನೋಡದೆ, ವೈದ್ಯರ ಪಟ್ಟಿಯಲ್ಲಿ ಹೆಸರು ನೋಂದಾಯಿಸಿಕೊಂಡ ಪ್ರತಿಯೊಬ್ಬರ ಲೆಕ್ಕದಲ್ಲಿ ಸರ್ಕಾರ ಕೊಡುವ ನಿಗದಿತ ಮೊತ್ತಕ್ಕೆ ತಲಾವಾರು ಪಾವತಿ ಅಥವಾ ಕ್ಯಾಪಿಟೇಶನ್ ಎಂದು ಹೆಸರು. ಬ್ರಿಟನ್ನಿನಲ್ಲಿ ಇದರ ಬೇರು 1911ರ ರಾಷ್ಟ್ರೀಯ ವಿಮಾ ಕಾಯ್ದೆಯಲ್ಲಿದೆ. 1948ರಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ (ಎನ್‌ಎಚ್‌ಎಸ್) ಆರಂಭವಾದಾಗಲೂ ಬಹುಪಾಲು ಕುಟುಂಬ ವೈದ್ಯರು ಸರ್ಕಾರಿ ನೌಕರರಾಗದೆ ಗುತ್ತಿಗೆದಾರರಾಗಿಯೇ ಉಳಿದರು.

ಎಂಬತ್ತೈದರ ವೃದ್ಧೆಯ ಆರೈಕೆಗೂ ಇಪ್ಪತ್ತೈದರ ತರುಣನ ಆರೈಕೆಗೂ ಒಂದೇ ಶ್ರಮ ಸಾಲದು. ಆದ್ದರಿಂದ ಕುಟುಂಬ ವೈದ್ಯರೊಡನೆ ಮಾಡಿಕೊಂಡ 2004ರ ಒಪ್ಪಂದದೊಂದಿಗೆ ಜಾರಿಗೆ ಬಂದ ಕಾರ್-ಹಿಲ್ ಸೂತ್ರವು ವಯಸ್ಸು, ಲಿಂಗ, ದೀರ್ಘಕಾಲದ ಕಾಯಿಲೆ, ಮರಣ ಪ್ರಮಾಣ, ಹಳ್ಳಿಗಾಡಿನ ದೂರ, ಸಿಬ್ಬಂದಿ ವೆಚ್ಚ ಇವುಗಳನ್ನು ನೋಡಿ ತಲೆಗೊಂದು ತೂಕ ಕಟ್ಟುತ್ತದೆ; ತೂಕ ಹೆಚ್ಚಿದಷ್ಟೂ ಹಣ ಹೆಚ್ಚು. ಶುಶ್ರೂಷಾ ಗೃಹದಲ್ಲಿರುವವರಿಗೂ, ಪಟ್ಟಿಗೆ ಹೊಸದಾಗಿ ಸೇರಿದವರಿಗೆ ಮೊದಲ ವರ್ಷವೂ ತೂಕ ಹೆಚ್ಚು. ಹೊಸಬರ ಹಿಂದಿನ ಕಾಯಿಲೆ, ಔಷಧಗಳನ್ನೆಲ್ಲ ಮೊದಲಿನಿಂದ ವಿಚಾರಿಸಿಕೊಳ್ಳುವುದಕ್ಕೆ ಸಮಯ ಹಿಡಿಯುತ್ತದೆ. ಆದರೆ ಬಡತನಕ್ಕೆಂದೇ ಪ್ರತ್ಯೇಕ ತೂಕ ಈ ಸೂತ್ರದಲ್ಲಿಲ್ಲ. ಇದು ಸಣ್ಣ ಲೋಪವಲ್ಲ. ತೀರ ಬಡ ಪ್ರದೇಶಗಳಲ್ಲಿ ಹಲವು ಕಾಯಿಲೆಗಳು ಒಟ್ಟಿಗೆ ಬಂದು ಸೇರುವುದು ಸಿರಿವಂತ ಪ್ರದೇಶಗಳಿಗಿಂತ ಹತ್ತು ಹದಿನೈದು ವರ್ಷ ಮೊದಲೇ ಎಂದು ಸ್ಕಾಟ್ಲೆಂಡಿನ ದೊಡ್ಡ ಅಧ್ಯಯನವೊಂದು 2012ರಲ್ಲಿ ತೋರಿಸಿತ್ತು. ಐವತ್ತರಲ್ಲೇ ಮಧುಮೇಹ, ಶ್ವಾಸಕೋಶದ ಕಾಯಿಲೆ, ಖಿನ್ನತೆ ಮೂರನ್ನೂ ಹೊತ್ತು ಬರುವವರನ್ನು ವಯಸ್ಸಿನ ಲೆಕ್ಕದಿಂದಲೇ ಅಳೆದರೆ, ಅವರನ್ನು ನೋಡುವ ಚಿಕಿತ್ಸಾಲಯಕ್ಕೆ ಹಣ ಕಡಿಮೆ ಬೀಳುವುದು ಖಂಡಿತ.

ಮನೆಮನೆಗೆ ಹೋಗಿ ಗಾಯಕ್ಕೆ ಪಟ್ಟಿ ಕಟ್ಟುವ, ಇನ್ಸುಲಿನ್ ಚುಚ್ಚುವ ಸಮುದಾಯ ದಾದಿಯರ ಸೇವೆಗೆ ಬರುವ ಹಣದ ರೀತಿಯೇ ಬೇರೆ. ಅದು ಹೆಚ್ಚಾಗಿ ವರ್ಷಕ್ಕೊಮ್ಮೆ ಗೊತ್ತುಪಡಿಸುವ ಇಡುಗಂಟು. ಭೇಟಿಗಳು ಹೆಚ್ಚಿದರೂ ಗಂಟು ಹಿಗ್ಗುವುದಿಲ್ಲ. ಆಸ್ಪತ್ರೆಗಳಿಗಾದರೋ 2000ರ ದಶಕದಿಂದ ಬಹಳಷ್ಟು ಹಣ, ಅವು ನೀಡಿದ ಚಿಕಿತ್ಸೆಗಳ ಲೆಕ್ಕದಲ್ಲಿ ಸಂದಿತು. ಎನ್‌ಎಚ್‌ಎಸ್ ವೆಚ್ಚದಲ್ಲಿ ಆಸ್ಪತ್ರೆಗಳ ಪಾಲು 2006ರಲ್ಲಿ ಶೇ. 47 ಇದ್ದದ್ದು 2021ಕ್ಕೆ ಶೇ. 58 ಆಯಿತೆಂದು ಎನ್‌ಎಚ್‌ಎಸ್ ಸ್ಥಿತಿಯ ಬಗ್ಗೆ ಶಸ್ತ್ರವೈದ್ಯ ಲಾರ್ಡ್ ದಾರ್ಜಿ ಸರ್ಕಾರಕ್ಕೆ ಕೊಟ್ಟ 2024ರ ವರದಿ ಹೇಳುತ್ತದೆ. ಆರೈಕೆಯನ್ನು ಜನರ ಮನೆಯ ಹತ್ತಿರ ಒಯ್ಯುವುದೇ ನಮ್ಮ ನೀತಿ ಎಂದು ಒಂದರ ಹಿಂದೊಂದು ಸರ್ಕಾರಗಳು ಘೋಷಿಸುತ್ತಿದ್ದ ಕಾಲದಲ್ಲಿಯೇ ಹೀಗಾಯಿತು. ಪಾವತಿಯ ವಿಧಾನ ಬದಲಾಗದೆ ಹಣದ ದಿಕ್ಕು ಬದಲಾಗದೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷ್ಯ ಬೇಕಿಲ್ಲ.

ಆಸ್ಪತ್ರೆಯಿಂದ ಸಮುದಾಯದತ್ತ ಹಣ ತಿರುಗಿಸುವುದಾಗಿ ಎನ್‌ಎಚ್‌ಎಸ್‌ಗಾಗಿ ಸರ್ಕಾರ ಹೊರಡಿಸಿದ 2025ರ ಹತ್ತು ವರ್ಷಗಳ ಯೋಜನೆ ಮತ್ತೊಮ್ಮೆ ಮಾತು ಕೊಟ್ಟಿದೆ. ಕಾರ್-ಹಿಲ್ ಸೂತ್ರದ ಮರುಪರಿಶೀಲನೆಯೂ ಅದೇ ವರ್ಷ ಘೋಷಣೆಯಾಗಿದ್ದು, ಬಡತನಕ್ಕೆ ಅದರಲ್ಲಿ ನೇರ ತೂಕ ದೊರೆಯುವುದೇ ಎಂಬುದನ್ನು ನೋಡಬೇಕಿದೆ.