ಹತ್ತು ಜನರ ಲೆಕ್ಕ: ಸಣ್ಣ ಉದ್ಯಮದವರ ಇಎಸ್‌ಐ ಮತ್ತು ಗ್ರೂಪ್ ಪಾಲಿಸಿ, ಒಂದು ಅಧ್ಯಯನ ಟಿಪ್ಪಣಿ

ಹಾಸನ, ಚಿಕ್ಕಮಗಳೂರು ಕಡೆ ಆಡಿಟರ್ ಆಫೀಸುಗಳಲ್ಲಿ ಕೆಲಸ ಕಲಿಯುತ್ತಿರುವವರಿಗೆ, ಸಣ್ಣ ವ್ಯಾಪಾರ ಮಾಡುತ್ತಲೇ ಕಾರ್ಮಿಕ ಕಾನೂನು ಓದಿಕೊಳ್ಳುತ್ತಿರುವವರಿಗೆ ಈ ಟಿಪ್ಪಣಿ. "ನಮ್ಮ ಕೆಲಸದವರಿಗೆ ಹೆಲ್ತ್ ಇನ್ಶೂರೆನ್ಸ್ ಮಾಡಿಸಲೇಬೇಕಾ?" ಅಂತ ಮಾಲೀಕರು ಕೇಳಿದ ಕೂಡಲೇ ನಾವು ಪಾಲಿಸಿ, ಪ್ರೀಮಿಯಂ ಅಂತ ಶುರು ಮಾಡಿಬಿಡುತ್ತೇವೆ. ಅದು ಆಮೇಲಿನ ಮಾತು. ಮೊದಲು ನೋಡಬೇಕಾದದ್ದು ಅವರಿಗೆ ಇಎಸ್‌ಐ ಅನ್ವಯಿಸುತ್ತದೆಯೇ ಅನ್ನುವುದು. ಅನ್ವಯಿಸಿದರೆ ಅದು ಕಡ್ಡಾಯ. "ನಾವು ಒಳ್ಳೆ ಪಾಲಿಸಿ ತೆಗೆದುಕೊಟ್ಟಿದ್ದೇವೆ" ಅಂದರೆ ಬಿಡುಗಡೆ ಸಿಗುವುದಿಲ್ಲ.

ಇಎಸ್‌ಐ ಅಂದರೆ ನೌಕರರ ರಾಜ್ಯ ವಿಮೆ. 1948ರ ಕಾಯ್ದೆಯಿಂದ ಬಂದದ್ದು. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದ ಮೇಲೆ ಈ ವಿಷಯ ಸಾಮಾಜಿಕ ಭದ್ರತಾ ಸಂಹಿತೆ 2020ರ ನಾಲ್ಕನೇ ಅಧ್ಯಾಯದಲ್ಲಿ ಸಿಗುತ್ತದೆ. ಹಳೆಯ ಗೈಡುಗಳಲ್ಲಿ ಓದುವವರು ಇದನ್ನು ಗುರುತು ಹಾಕಿಕೊಳ್ಳಿ.

ತಲೆ ಎಣಿಸುವುದು ಹೇಗೆ

ಕೆಲಸಗಾರರು 10 ಅಥವಾ ಜಾಸ್ತಿ ಇದ್ದರೆ ಇಎಸ್‌ಐ ಬರುತ್ತದೆ. ಕೇಳಲು ಸುಲಭ. ಆದರೆ ಹೆಚ್ಚು ಗೊಂದಲ ಆಗುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಮಾಲೀಕರು ಸಾಮಾನ್ಯವಾಗಿ ಹೇಳುವುದು ಹಾಜರಿ ಪುಸ್ತಕದಲ್ಲಿ ಹೆಸರಿರುವ ಕಾಯಂ ಜನರ ಲೆಕ್ಕ. "ಅಯ್ಯೋ, ನಮ್ಮಲ್ಲಿ ಎಂಟೇ ಜನ ಸರ್." ಆಗ ಕೇಳಬೇಕು: ಏಜೆನ್ಸಿಯಿಂದ ಬರುವ ಸೆಕ್ಯೂರಿಟಿಯವರು? ದಿನಗೂಲಿಗೆ ಬಂದು ಪಾತ್ರೆ ತೊಳೆಯುವವರು? ಸಂಬಳ ತೆಗೆದುಕೊಳ್ಳುವ ತಮ್ಮನ ಮಗ? ಇವರೆಲ್ಲ ಲೆಕ್ಕಕ್ಕೆ ಬರುತ್ತಾರೆ. ಗುತ್ತಿಗೆ ಮೂಲಕ ಬಂದವರೂ ನಿಮ್ಮ ಜಾಗದಲ್ಲಿ ನಿಮ್ಮ ಕೆಲಸ ಮಾಡುತ್ತಿದ್ದರೆ ಸೇರುತ್ತಾರೆ. ಸಂಬಳ ಜಾಸ್ತಿ ಇರುವ ಮ್ಯಾನೇಜರ್ ಕೂಡ ಎಣಿಕೆಗೆ ಬರುತ್ತಾರೆ. ಅವರ ಹೆಸರಲ್ಲಿ ವಂತಿಗೆ (ಇಎಸ್‌ಐಗೆ ತಿಂಗಳು ತಿಂಗಳು ಕಟ್ಟುವ ಹಣ) ಕಟ್ಟಬೇಕಾಗಿಲ್ಲದಿದ್ದರೂ ಹತ್ತರ ಲೆಕ್ಕದಲ್ಲಿ ಅವರೂ ಒಂದು ತಲೆ. ಅಂಗಡಿ ಒಬ್ಬರ ಸ್ವಂತದ್ದಾದರೆ ಆ ಮಾಲೀಕರು, ಪಾಲುದಾರಿಕೆಯಾದರೆ ಪಾಲುದಾರರು ಮಾತ್ರ ಹೊರಗೆ.

ಹಳೆಯ ಕಾಯ್ದೆಯಿಂದ ನೆನಪಿಡಬೇಕಾದ ಇನ್ನೊಂದು ಮಾತು: ಒಮ್ಮೆ ವ್ಯಾಪ್ತಿಗೆ ಬಂದ ಸಂಸ್ಥೆಯಲ್ಲಿ ಮುಂದೆ ಜನ ಏಳಕ್ಕೆ ಇಳಿದರೂ ವ್ಯಾಪ್ತಿ ತಪ್ಪುತ್ತಿರಲಿಲ್ಲ. ಸೀಸನ್ ಮುಗಿದ ಮೇಲೆ ಇಬ್ಬರನ್ನು ಬಿಡಿಸಿ "ಈಗ ಒಂಬತ್ತೇ" ಅನ್ನುವುದು ಕೆಲಸಕ್ಕೆ ಬರುತ್ತಿರಲಿಲ್ಲ.

ಸಂಬಳದ ಮಿತಿ, ವಂತಿಗೆ

ತಿಂಗಳ ವೇತನ 21,000 ರೂಪಾಯಿವರೆಗೆ ಇರುವವರಿಗೆ ಇಎಸ್‌ಐ. ಅಂಗವಿಕಲ ನೌಕರರಿಗೆ ಈ ಮಿತಿ 25,000. 2017ರ ಜನವರಿ 1ರಿಂದ ಬಂದ ಮಿತಿಗಳಿವು. ಇಲ್ಲಿ 'ವೇತನ' ಅನ್ನುವುದನ್ನು ಸಂಹಿತೆಯ ವ್ಯಾಖ್ಯೆಯಂತೆ ಲೆಕ್ಕ ಹಾಕಬೇಕು. ಮೂಲವೇತನ, ತುಟ್ಟಿಭತ್ಯೆ ಸೇರುತ್ತವೆ; ಮನೆಬಾಡಿಗೆ ಭತ್ಯೆಯಂಥವು ಬಿಟ್ಟುಹೋಗುತ್ತವೆ. ಆದರೆ ಬಿಟ್ಟ ಭತ್ಯೆಗಳ ಮೊತ್ತ ಒಟ್ಟಿನ ಅರ್ಧಕ್ಕಿಂತ ಜಾಸ್ತಿಯಾದರೆ, ಜಾಸ್ತಿಯಾದಷ್ಟನ್ನು ಮತ್ತೆ ವೇತನಕ್ಕೆ ಸೇರಿಸಬೇಕು. ಹಾಗಾಗಿ ಬೇಸಿಕ್ ಕಡಿಮೆ ತೋರಿಸಿ ಉಳಿದದ್ದನ್ನು ಭತ್ಯೆಯಾಗಿ ಒಡೆಯುವ ಹಳೆಯ ಅಭ್ಯಾಸ ಇರುವ ಕಡೆ ಲೆಕ್ಕವನ್ನು ಹೊಸದಾಗಿ ಹಾಕಿ.

ವಂತಿಗೆ ದರ 2019ರ ಜುಲೈ 1ರಿಂದ ಹೀಗಿದೆ: ಮಾಲೀಕರದ್ದು ಶೇ 3.25, ನೌಕರರದ್ದು ಶೇ 0.75. ಅದಕ್ಕೂ ಮುಂಚೆ ಶೇ 4.75 ಮತ್ತು ಶೇ 1.75 ಇತ್ತು. ಹಳೇ ಪ್ರಶ್ನೆಪತ್ರಿಕೆ ಬಿಡಿಸುವಾಗ ಇದು ಎಡವಿಸುತ್ತದೆ.

14,000 ವೇತನದ ಒಬ್ಬ ಬೇಕರಿ ಹುಡುಗನ ಲೆಕ್ಕ ತೆಗೆದುಕೊಳ್ಳಿ. ಮಾಲೀಕರು ಕಟ್ಟುವುದು 455 ರೂಪಾಯಿ, ಹುಡುಗನ ಸಂಬಳದಲ್ಲಿ ಹಿಡಿಯುವುದು 105. ಒಟ್ಟು 560. ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು, ತಡವಾದರೆ ವರ್ಷಕ್ಕೆ ಶೇ 12ರ ಬಡ್ಡಿ. ಮಾಲೀಕರು ತಮ್ಮ 455ನ್ನೂ ಹುಡುಗನ ಸಂಬಳದಿಂದಲೇ ಹಿಡಿಯುವಂತಿಲ್ಲ. ಸಂಬಳದ ಚೀಟಿಯಲ್ಲಿ ಹಾಗೆ ಹಿಡಿದದ್ದು ಕಂಡರೆ ಮಾಲೀಕರಿಗೆ ಆವತ್ತೇ ತಿಳಿಸಿ ಹೇಳಿ. ಬಡವರ ದುಡ್ಡದು.

ವರ್ಷವನ್ನು ಎರಡು ವಂತಿಗೆ ಅವಧಿಗಳಾಗಿ ಮಾಡಿದ್ದಾರೆ: ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಜೂನ್‌ನಲ್ಲಿ ಯಾರದಾದರೂ ವೇತನ 22,000 ಆದರೆ ತಕ್ಷಣ ಹೆಸರು ತೆಗೆಯಬಾರದು. ಸೆಪ್ಟೆಂಬರ್ 30ರವರೆಗೆ ವಂತಿಗೆ ಮುಂದುವರಿಯಬೇಕು.

ಆ 560 ರೂಪಾಯಿಗೆ ಸಿಗುವುದೇನು

ನಾನು ಎಲ್ಲರಿಗೂ ಒತ್ತಿ ಹೇಳುವ ಭಾಗ ಇದು. ಇಎಸ್‌ಐ ಅಂದರೆ "ಆಸ್ಪತ್ರೆ ಕಾರ್ಡ್" ಅಂತ ಜನ ತಿಳಿದಿದ್ದಾರೆ. ನೌಕರನಿಗೂ ಅವನ ಕುಟುಂಬಕ್ಕೂ ಚಿಕಿತ್ಸೆ ಸಿಗುವುದು ನಿಜ. ಆದರೆ ಯಾವ ಗ್ರೂಪ್ ಹೆಲ್ತ್ ಪಾಲಿಸಿಯೂ (ಕೆಲಸದವರಿಗೆಲ್ಲ ಸೇರಿಸಿ ಮಾಡಿಸುವ ಒಂದೇ ಆರೋಗ್ಯ ವಿಮೆ) ಸಾಮಾನ್ಯವಾಗಿ ಕೊಡದ ಒಂದು ಸಂಗತಿ ಇದರಲ್ಲಿದೆ: ಕೆಲಸಕ್ಕೆ ಬರಲಾಗದ ದಿನಗಳ ಸಂಬಳ.

ಕಾಯಿಲೆ ಬಿದ್ದು ಮನೆಯಲ್ಲಿದ್ದರೆ ವರ್ಷಕ್ಕೆ 91 ದಿನದವರೆಗೆ ವೇತನದ ಶೇ 70 ಸಿಗುತ್ತದೆ. ಅದಕ್ಕೆ ಹಿಂದಿನ ವಂತಿಗೆ ಅವಧಿಯಲ್ಲಿ 78 ದಿನದ ವಂತಿಗೆ ಇರಬೇಕು. ನಮ್ಮ 14,000ದ ಹುಡುಗನಿಗೆ ಕಾಮಾಲೆ ಬಂದು ಒಂದು ತಿಂಗಳು ಮಲಗಿದರೆ ಸುಮಾರು 9,800 ರೂಪಾಯಿ. ಮನೆ ಬಾಡಿಗೆಗೆ, ಅಕ್ಕಿಗೆ ಸಾಲ ಮಾಡುವುದು ತಪ್ಪುತ್ತದೆ. ಕೆಲಸದಲ್ಲಿ ಗಾಯವಾಗಿ ತಾತ್ಕಾಲಿಕವಾಗಿ ದುಡಿಯಲಾಗದಿದ್ದರೆ ಶೇ 90. ಇದಕ್ಕೆ ಇಷ್ಟು ದಿನ ವಂತಿಗೆ ಕಟ್ಟಿರಬೇಕೆಂಬ ಷರತ್ತಿಲ್ಲ, ಕೆಲಸಕ್ಕೆ ಸೇರಿದ ಮೊದಲ ದಿನವೇ ಆದರೂ ಸರಿ. ಹೆರಿಗೆಗೆ 26 ವಾರ ಪೂರ್ತಿ ವೇತನ. ಅದನ್ನು ಕೊಡುವುದು ಇಎಸ್‌ಐ ನಡೆಸುವ ನಿಗಮ, ಮಾಲೀಕರ ಗಲ್ಲಾಪೆಟ್ಟಿಗೆಯಿಂದ ಹೋಗುವುದಿಲ್ಲ. ಇಎಸ್‌ಐ ವ್ಯಾಪ್ತಿಯಲ್ಲಿ ಇಲ್ಲದ ನೌಕರಳಿಗೆ ಹೆರಿಗೆ ಸೌಲಭ್ಯದ ಕಾನೂನಿನಂತೆ ಮಾಲೀಕರೇ ಆ ಸಂಬಳ ಕೊಡಬೇಕಾಗುತ್ತದೆ. ಈ ಒಂದು ಲೆಕ್ಕ ಹಾಕಿ ತೋರಿಸಿದರೆ ಶೇ 3.25 ಭಾರ ಅನ್ನುವವರೂ ಯೋಚನೆ ಮಾಡುತ್ತಾರೆ.

ಕೊರತೆಯೂ ಇದೆ, ಮುಚ್ಚಿಡಬೇಕಿಲ್ಲ. ಸಣ್ಣ ಊರುಗಳಿಂದ ಇಎಸ್‌ಐ ಆಸ್ಪತ್ರೆ ದೂರ. ಹಾಗಾಗಿ ನೋಂದಣಿ ಮಾಡಿಸುವಾಗಲೇ ಹತ್ತಿರದ ಡಿಸ್ಪೆನ್ಸರಿ ಯಾವುದು, ಒಪ್ಪಂದ ಇರುವ ಖಾಸಗಿ ಆಸ್ಪತ್ರೆ ಯಾವುದು ಅಂತ ಕೇಳಿ ಬರೆದು, ಅಂಗಡಿಯ ಗೋಡೆಗೆ ಅಂಟಿಸಿ. ಹೆಂಡತಿ ಮಕ್ಕಳ ಹೆಸರನ್ನು ಆಧಾರ್‌ನಲ್ಲಿರುವಂತೆಯೇ ಸೇರಿಸಿ. ಒಂದು ಕಡೆ 'ಲಕ್ಷ್ಮಮ್ಮ', ಇನ್ನೊಂದು ಕಡೆ 'ಲಕ್ಷ್ಮೀ' ಅಂತಿದ್ದರೆ ಆಸ್ಪತ್ರೆ ಕೌಂಟರಿನಲ್ಲಿ ನಿಂತು ಒದ್ದಾಡಬೇಕಾಗುತ್ತದೆ.

ಕಾಫಿ ಸೀಮೆಯ ವಿಶೇಷ

ಬೇರೆ ಜಿಲ್ಲೆಯ ನೋಟ್ಸ್‌ನಲ್ಲಿ ಈ ಭಾಗ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ನಮಗೆ ಇದೇ ಮುಖ್ಯ. ಸೀಸನಲ್ ಕಾರ್ಖಾನೆಗಳಿಗೆ ಇಎಸ್‌ಐ ಇಲ್ಲ. ಸೀಸನಲ್ ಅಂದರೆ ಯಾವುವು ಅಂತ ಕಾನೂನೇ ಪಟ್ಟಿ ಮಾಡಿದೆ: ಹತ್ತಿ ಜಿನ್ನಿಂಗ್, ಶೇಂಗಾ ಸಿಪ್ಪೆ ಬಿಡಿಸುವುದು, ಕಾಫಿ, ಟೀ, ರಬ್ಬರ್, ಬೆಲ್ಲವೂ ಸೇರಿದಂತೆ ಸಕ್ಕರೆ ತಯಾರಿಕೆ, ಹೀಗೆ. ಈ ಕೆಲಸದಲ್ಲಿ ಮಾತ್ರ ತೊಡಗಿರುವ ಕಾರ್ಖಾನೆ ಹೊರಗುಳಿಯುತ್ತದೆ. ಕಾಫಿ, ಟೀಯನ್ನು ಬೆರೆಸುವ, ಪ್ಯಾಕ್ ಮಾಡುವ ಘಟಕವಾದರೆ ವರ್ಷದಲ್ಲಿ 7 ತಿಂಗಳು ಮೀರದಂತೆ ನಡೆದರೆ ಮಾತ್ರ ಸೀಸನಲ್.

ಅಂದರೆ ಚಿಕ್ಕಮಗಳೂರು ಪೇಟೆಯಲ್ಲಿ ಹನ್ನೆರಡು ತಿಂಗಳೂ ಕಾಫಿಪುಡಿ ಬೆರೆಸಿ ಪ್ಯಾಕ್ ಮಾಡುವ ಘಟಕದಲ್ಲಿ ಹತ್ತು ಜನ ಇದ್ದರೆ, "ನಮ್ಮದು ಕಾಫಿ, ಸೀಸನಲ್" ಅನ್ನುವ ಮಾತು ನಿಲ್ಲುವುದಿಲ್ಲ. ಅಲ್ಲಿ ಬೀಜ ಆರಿಸುವ, ಪೊಟ್ಟಣ ಕಟ್ಟುವ ಹೆಂಗಸರಿಗೆ ಕಾರ್ಡ್ ಸಿಗಲೇಬೇಕು. ತೀರ್ಮಾನ ಮಾಡಬೇಕಾದದ್ದು ಕೆಲಸದ ಸ್ವರೂಪ ಮತ್ತು ನಡೆಯುವ ತಿಂಗಳು ನೋಡಿ, ಬೋರ್ಡಿನ ಮೇಲಿನ ಹೆಸರು ನೋಡಿ ಅಲ್ಲ.

ಇನ್ನು ತೋಟಗಳು. 1951ರ ಪ್ಲಾಂಟೇಶನ್ ಕಾರ್ಮಿಕ ಕಾಯ್ದೆ ಕಾಲದಿಂದಲೂ ದೊಡ್ಡ ತೋಟಗಳ ಮಾಲೀಕರ ಮೇಲೆ ಕೆಲಸಗಾರರಿಗೆ ವೈದ್ಯಕೀಯ ಸೌಲಭ್ಯ ಕೊಡುವ ಹೊಣೆ ಇತ್ತು. ಹೊಸ ಸಂಹಿತೆಯಲ್ಲಿ ತೋಟದ ಮಾಲೀಕರು ಇಚ್ಛೆಪಟ್ಟರೆ ಇಎಸ್‌ಐಗೆ ಸೇರಬಹುದು, ತಾವು ಕೊಡುತ್ತಿರುವುದಕ್ಕಿಂತ ಇಎಸ್‌ಐ ಸೌಲಭ್ಯ ಚೆನ್ನಾಗಿದ್ದರೆ. ಮೂಡಿಗೆರೆ, ಸಕಲೇಶಪುರ ಕಡೆಯ ಲೈನ್ ಮನೆಗಳಲ್ಲಿ ಇರುವವರ ಮಟ್ಟಿಗೆ ಇದು ದೊಡ್ಡ ಅವಕಾಶ. ತೋಟದ ಲೆಕ್ಕ ಬರೆಯುವವರು ಸಾಹುಕಾರರ ಗಮನಕ್ಕೆ ತರಲೇಬೇಕು.

ಹತ್ತಕ್ಕಿಂತ ಕಡಿಮೆ ಇದ್ದರೆ

ಕಡ್ಡಾಯ ಇಲ್ಲ. ಆದರೆ ಮಾಲೀಕರೂ ಹೆಚ್ಚಿನ ಕೆಲಸಗಾರರೂ ಒಪ್ಪಿದರೆ ಸ್ವಇಚ್ಛೆಯಿಂದ ಇಎಸ್‌ಐಗೆ ಸೇರಲು ಸಂಹಿತೆಯಲ್ಲಿ ದಾರಿ ಇದೆ. ಕೇಂದ್ರ ಸರ್ಕಾರ ಅಧಿಸೂಚಿಸಿದ ಅಪಾಯದ ಕೆಲಸವಾದರೆ ಒಬ್ಬ ನೌಕರನಿದ್ದರೂ ಅನ್ವಯಿಸುತ್ತದೆ.

ಅದು ಬೇಡ ಅನ್ನುವವರಿಗೆ ಗ್ರೂಪ್ ಹೆಲ್ತ್ ಪಾಲಿಸಿ. ಸಾಮಾನ್ಯವಾಗಿ 7 ಜನರಿಂದ ಗ್ರೂಪ್ ಶುರು. ಏಜೆಂಟ್ ಕೆಲಸ ಮಾಡುವುದು ವಿಮಾ ಕಂಪನಿಯ ಪರವಾಗಿ, ಬ್ರೋಕರ್ ಕೊಳ್ಳುವವರ ಪರವಾಗಿ. ಈ ವ್ಯತ್ಯಾಸ ಪರೀಕ್ಷೆಗೂ ಬೇಕು, ಬದುಕಿಗೂ ಬೇಕು. ಏಳಕ್ಕಿಂತ ಕಡಿಮೆ ಇದ್ದರೆ ಒಬ್ಬೊಬ್ಬರಿಗೆ ಕುಟುಂಬ ಪಾಲಿಸಿ ಮಾಡಿಸಬಹುದು. ಎಲ್ಲ ಕಂಪನಿಗಳೂ ಒಂದೇ ಷರತ್ತಿನಲ್ಲಿ ಮಾರುವ 'ಆರೋಗ್ಯ ಸಂಜೀವಿನಿ' 2020ರ ಏಪ್ರಿಲ್‌ನಿಂದ ಇದೆ. ಅದರಲ್ಲಿ ಬಿಲ್ಲಿನ ಶೇ 5 ನಮ್ಮ ಕೈಯಿಂದ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಮತ್ತು ಕುಟುಂಬ ಪಾಲಿಸಿಗಳಿಗೆ ಜಿಎಸ್‌ಟಿ ಇಲ್ಲ, ಗ್ರೂಪ್ ಪಾಲಿಸಿಗೆ ಮಾತ್ರ ಶೇ 18 ಹಾಗೇ ಇದೆ. ಹೋಲಿಸುವಾಗ ತೆರಿಗೆ ಸೇರಿಸಿ ಹೋಲಿಸಿ.

ಗ್ರೂಪ್ ಪಾಲಿಸಿಯ ದೊಡ್ಡ ಅನುಕೂಲ ಹಳೇ ಕಾಯಿಲೆಯ ವಿಷಯದಲ್ಲಿ. ವೈಯಕ್ತಿಕ ಪಾಲಿಸಿಯಲ್ಲಿ ಮೊದಲೇ ಇದ್ದ ಸಕ್ಕರೆ ಕಾಯಿಲೆ, ಬಿಪಿಗೆ 36 ತಿಂಗಳವರೆಗೆ ಕಾಯಿಸಬಹುದು. ಎಷ್ಟೋ ಗ್ರೂಪ್ ಪಾಲಿಸಿಗಳು ಮೊದಲ ದಿನದಿಂದಲೇ ಒಪ್ಪುತ್ತವೆ. ಐವತ್ತು ದಾಟಿದ ಅಡುಗೆಯವರು ಇರುವ ಕಡೆ ಇದನ್ನೇ ಮೊದಲು ಕೇಳಿ.

ಆಮೇಲೆ ಕೊಠಡಿ ಬಾಡಿಗೆಯ ಸಾಲು ಓದಿ. ಇದನ್ನು ಓದದೆ ಸಹಿ ಹಾಕಿದವರೇ ಜಾಸ್ತಿ. ವಿಮಾ ಮೊತ್ತ 3 ಲಕ್ಷ, ಕೊಠಡಿಗೆ ದಿನಕ್ಕೆ ಶೇ 1 ಅಂತಿದೆ ಅನ್ನಿ. ಅಂದರೆ 3,000. ಮನೆಯವರು ಗಾಬರಿಯಲ್ಲಿ 5,000ದ ಕೊಠಡಿ ಹಿಡಿದರೆ ಮೇಲಿನ 2,000 ಮಾತ್ರ ಕೈಯಿಂದ ಹೋಗುತ್ತದೆ ಅಂದುಕೊಳ್ಳುತ್ತಾರೆ. ಹಾಗಲ್ಲ. ಡಾಕ್ಟರ್ ಫೀಸು, ಆಪರೇಷನ್ ಥಿಯೇಟರಿನಂಥ ಖರ್ಚುಗಳನ್ನೂ ಅದೇ ಪ್ರಮಾಣದಲ್ಲಿ ಇಳಿಸುತ್ತಾರೆ. ಅವು 1 ಲಕ್ಷ ಆಗಿದ್ದರೆ ಕಂಪನಿ ಕೊಡುವುದು 60,000. ಔಷಧಿ, ಇಂಪ್ಲಾಂಟ್, ತಪಾಸಣೆ ಖರ್ಚಿಗೆ ಈ ಕಡಿತ ಇಲ್ಲ. ಕೊಠಡಿಗೆ ಮಿತಿ ಇಲ್ಲದ ಪಾಲಿಸಿಗೆ ಪ್ರೀಮಿಯಂ ಸ್ವಲ್ಪ ಜಾಸ್ತಿಯಾದರೂ ಅದನ್ನೇ ತೆಗೆದುಕೊಳ್ಳಿ ಅನ್ನುವುದು ನನ್ನ ಅಭಿಪ್ರಾಯ.

ಪ್ರೀಮಿಯಂ ಅನ್ನು ನಗದಾಗಿ ಕಟ್ಟಬೇಡಿ. ಬ್ಯಾಂಕ್ ಮೂಲಕ ಕಟ್ಟಿದರೆ ಮಾತ್ರ ಆದಾಯ ತೆರಿಗೆಯಲ್ಲಿ ವ್ಯಾಪಾರದ ಖರ್ಚಾಗಿ ತೋರಿಸಬಹುದು.

"ನಮ್ಮ ಹುಡುಗರಿಗೆಲ್ಲ ಬಿಪಿಎಲ್ ಕಾರ್ಡ್ ಇದೆ, ಆಯುಷ್ಮಾನ್ ಸಾಕು" ಅನ್ನುವವರಿಗೂ ಉತ್ತರ ಇಟ್ಟುಕೊಂಡಿರಿ. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30 ಮಾತ್ರ, ಅದೂ 1.5 ಲಕ್ಷದ ಮಿತಿಯಲ್ಲಿ. ತುರ್ತು ಅಲ್ಲದಿದ್ದರೆ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ಡೇರಿ ಸೊಸೈಟಿ ಸದಸ್ಯರಾಗಿರುವ ಕೆಲಸದವರಿಗೆ ಸಹಕಾರಿಗಳ 'ಯಶಸ್ವಿನಿ'ಯೂ ಇದೆ. ಎಲ್ಲ ಒಳ್ಳೆಯದೇ. ಆದರೆ ಅವು ಕುಟುಂಬದ ಹಕ್ಕು. ಹತ್ತು ಜನ ಇರುವ ಮಾಲೀಕರ ಹೊಣೆ ಅದರಿಂದ ಕಳೆಯುವುದಿಲ್ಲ.

ಬಿಡಿಸಿ ನೋಡಿ

ಹಾಸನ ಪೇಟೆಯಲ್ಲಿ ಒಂದು ದರ್ಶಿನಿ ಇದೆ ಅನ್ನಿ. ಮಾಲೀಕರು ಒಬ್ಬರೇ. ಮ್ಯಾನೇಜರ್ ವೇತನ 24,000. ಇಬ್ಬರು ಅಡುಗೆಭಟ್ಟರಿಗೆ ತಲಾ 18,000. ಐದು ಜನ ಸಪ್ಲೈಯರ್‌ಗಳಿಗೆ ತಲಾ 14,000. ಏಜೆನ್ಸಿಯಿಂದ ಬರುವ ಕ್ಲೀನಿಂಗ್‌ನವರು ಇಬ್ಬರು. ಇಎಸ್‌ಐ ಬರುತ್ತದಾ? ಮಾಲೀಕರ ಪಾಲೆಷ್ಟು?

ಉತ್ತರ: 1, 2, 5, 2 ಸೇರಿ 10. ಬರುತ್ತದೆ. ಮ್ಯಾನೇಜರ್ ಎಣಿಕೆಗೆ ಇದ್ದಾರೆ, ವಂತಿಗೆಗೆ ಇಲ್ಲ. ಅವರಿಗೆ ಬೇಕಾದರೆ ಮಾಲೀಕರು ಬೇರೆ ಪಾಲಿಸಿ ಮಾಡಿಸಿಕೊಡಬಹುದು. ಉಳಿದ ಏಳು ಜನ ನೇರ ನೌಕರರ ವೇತನ 1,06,000. ಮಾಲೀಕರ ಪಾಲು ತಿಂಗಳಿಗೆ 3,445, ನೌಕರರಿಂದ 795, ಒಟ್ಟು 4,240. ಕ್ಲೀನಿಂಗ್‌ನವರ ವಂತಿಗೆಯನ್ನು ಏಜೆನ್ಸಿ ತನ್ನ ಇಎಸ್‌ಐ ನಂಬರಿನಲ್ಲಿ ಕಟ್ಟುತ್ತಿದ್ದರೆ ಪ್ರತಿ ತಿಂಗಳು ಅದರ ಚಲನ್ ಪ್ರತಿ ಇಸಿದುಕೊಳ್ಳಬೇಕು. ಏಜೆನ್ಸಿ ಕಟ್ಟದಿದ್ದರೆ ಆ ಇಬ್ಬರ ವಂತಿಗೆಯ ಹೊಣೆ ದರ್ಶಿನಿ ಮಾಲೀಕರದ್ದೇ. ಅವರು ಅದನ್ನು ಕಟ್ಟಿ, ಏಜೆನ್ಸಿಯ ಬಿಲ್ಲಿನಲ್ಲಿ ಹಿಡಿದುಕೊಳ್ಳಬಹುದು.