ಮೋಟಾರು ಎಷ್ಟು ತಳ್ಳಬೇಕು, ಯಾವಾಗ ತಳ್ಳಬೇಕು?

ಚಿತ್ರದುರ್ಗದ ಸುತ್ತಲಿನ ಗುಡ್ಡಗಳಲ್ಲಿ ಗಾಳಿಯಂತ್ರಗಳಿಗಾಗಿ ಮಾಡಿದ ಮಣ್ಣಿನ ದಾರಿಗಳಿವೆ. ಕೆಳಗೆ ಗರಸು, ಮೇಲೆ ಸಡಿಲ ಜಲ್ಲಿ, ಅಂಚಿಗೆ ಜಾಲಿ ಮುಳ್ಳು. ಎಲೆಕ್ಟ್ರಿಕ್ ಮೌಂಟೇನ್ ಬೈಕ್ ಹೊಸದಾಗಿ ತಗೊಂಡವರು ಇಂಥ ಏರು ಕಂಡ ಕೂಡಲೇ ಮೋಟಾರನ್ನು ಟರ್ಬೊಗೆ, ಅಂದರೆ ಅತಿ ಜಾಸ್ತಿ ಬಲ ಕೊಡುವ ಮೋಡ್‌ಗೆ, ಹಾಕುತ್ತಾರೆ. ಎರಡು ಸಲ ತುಳಿಯುವಷ್ಟರಲ್ಲಿ ಹಿಂದಿನ ಚಕ್ರ ನಿಂತಲ್ಲೇ ಗಿರ್ರನೆ ತಿರುಗುತ್ತದೆ, ಜಲ್ಲಿ ಸಿಡಿಯುತ್ತದೆ, ಸೈಕಲ್ ನಿಂತುಬಿಡುತ್ತದೆ. ಬಲ ಜಾಸ್ತಿಯಾಗಿದ್ದೇ ಇದಕ್ಕೆ ಕಾರಣ.

ಲೆಕ್ಕ ಹಾಕಿ ನೋಡೋಣ. ಬಾಷ್ ಕಂಪನಿಯ ಪರ್ಫಾರ್ಮೆನ್ಸ್ ಲೈನ್ ಸಿಎಕ್ಸ್ ಮೋಟಾರು ಹಲವು ವರ್ಷ 85 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ) ಜೊತೆ ಬಂದಿದೆ. ಮುಂದೆ 34 ಹಲ್ಲು, ಹಿಂದೆ 51 ಹಲ್ಲಿನ ಗೇರಿನಲ್ಲಿದ್ದರೆ ಅದೇ ಟಾರ್ಕ್ ಹಿಂದಿನ ಚಕ್ರದಲ್ಲಿ ಸುಮಾರು 127 ಆಗುತ್ತದೆ. 29 ಇಂಚಿನ ಚಕ್ರವಾದರೆ ನೆಲವನ್ನು ತಳ್ಳುವ ಬಲ ಸುಮಾರು 340 ನ್ಯೂಟನ್. ಇನ್ನು ಹಿಡಿತಕ್ಕೆ ಬನ್ನಿ. ಸವಾರ, ಸೈಕಲ್ ಸೇರಿ 100 ಕೆಜಿ ಇದ್ದು, ಏರಿನಲ್ಲಿ 65 ಕೆಜಿ ಹಿಂದಿನ ಚಕ್ರದ ಮೇಲಿದೆ ಅಂದುಕೊಳ್ಳಿ. ಸಡಿಲ ಜಲ್ಲಿಯಲ್ಲಿ ಟೈರಿನ ಹಿಡಿತ ಆ ಭಾರದ ಅರ್ಧ ಎಂದಿಟ್ಟರೂ 320 ನ್ಯೂಟನ್ ಮಾತ್ರ. ಮೋಟಾರೊಂದೇ ಅದನ್ನು ಮೀರಿಸಿತು. ಕಾಲಿನ ಬಲ ಇನ್ನೂ ಸೇರಿಸಿಯೇ ಇಲ್ಲ!

ಹಾಗಾದರೆ ನಿಜವಾಗಿ ಬೇಕಾಗಿರುವುದು ಎಷ್ಟು? ನೂರು ಮೀಟರಿಗೆ ಹತ್ತು ಮೀಟರ್ ಏರುವ ದಾರಿಯಲ್ಲಿ ಈ 100 ಕೆಜಿಯನ್ನು ಮೇಲೆ ತಳ್ಳಲು, ನೆಲದ ತಡೆಯೂ ಸೇರಿ, ಸುಮಾರು 120 ನ್ಯೂಟನ್ ಸಾಕು. ಗಂಟೆಗೆ 7 ಕಿ.ಮೀ. ವೇಗಕ್ಕೆ ಅದು 240 ವ್ಯಾಟ್‌ಗಿಂತ ಚೂರು ಕಡಿಮೆ. ಮಾಮೂಲಿ ಆರೋಗ್ಯವಂತರು 100 ವ್ಯಾಟ್ ಸಲೀಸಾಗಿ ತುಳಿಯುತ್ತಾರೆ. ಉಳಿದ 140 ಮೋಟಾರಿನ ಪಾಲು. ಅಂದರೆ ನೀವು ಹಾಕಿದ್ದರ ಶೇ. 140. ಆ ಮೋಟಾರಿನ ಟೂರ್ ಮೋಡ್ ಕೊಡುವುದೂ ಸರಿಯಾಗಿ ಇಷ್ಟನ್ನೇ. ಅತಿ ಕಡಿಮೆ ಬಲದ ಇಕೋದಲ್ಲಿ ಶೇ. 60, ಟರ್ಬೊದಲ್ಲಿ ಶೇ. 340. ನಮ್ಮ ಗುಡ್ಡಗಳ ಬಹುಪಾಲು ಏರಿಗೆ ನಡುವಿನ ಮೋಡ್ ಸಾಕು ಅಂತ ನಾನು ಒತ್ತಿ ಹೇಳುವುದು ಈ ಲೆಕ್ಕದಿಂದಲೇ.

ಆದರೆ ಎಷ್ಟು ಅನ್ನುವುದಕ್ಕಿಂತ ಯಾವಾಗ ಅನ್ನುವುದು ಮುಖ್ಯ. ಇದನ್ನು ಬಹಳ ಜನ ಗಮನಿಸುವುದೇ ಇಲ್ಲ.

ಪೆಡಲ್ ತುಳಿಯುವಾಗ ಬಲ ಒಂದೇ ಸಮ ಬರುವುದಿಲ್ಲ. ಪೆಡಲಿನ ಕೈ ನೆಲಕ್ಕೆ ಸಮವಾಗಿದ್ದಾಗ ಅತಿ ಜಾಸ್ತಿ. ಮೇಲೆ ಕೆಳಗೆ ನೇರವಾಗಿ ನಿಂತಾಗ ಹೆಚ್ಚುಕಡಿಮೆ ಸೊನ್ನೆ. ಪೆಡಲಿನ ಅಚ್ಚಿನ ಬಳಿ ಇರುವ ಟಾರ್ಕ್ ಸೆನ್ಸರ್ ಈ ಏರಿಳಿತವನ್ನು ಕ್ಷಣ ಕ್ಷಣವೂ ಅಳೆದು ಮೋಟಾರಿಗೆ ತಿಳಿಸುತ್ತದೆ. ಮೋಟಾರು ಅದಕ್ಕೆ ಎಷ್ಟು ಚುರುಕಾಗಿ ಓಗೊಡಬೇಕು ಅನ್ನುವುದೂ ಒಂದು ಸೆಟ್ಟಿಂಗ್. ತೀರಾ ಚುರುಕಾಗಿಟ್ಟರೆ ಕಾಲು ಒತ್ತಿದಾಗಲೆಲ್ಲ ಮೋಟಾರೂ ಒತ್ತುತ್ತದೆ, ಎರಡೂ ಸೇರಿ ಹಿಡಿತ ಮೀರುತ್ತದೆ. ನಿಧಾನಕ್ಕಿಟ್ಟರೆ ಏರಿಳಿತ ಸವರಿಹೋಗಿ ಬಲ ಹದವಾಗಿ ಬರುತ್ತದೆ.

ಏರಿ ಹೋದ ದಾರಿಯನ್ನು ತಿರುಗಿ ನೋಡಿ. ಟೈರಿನ ಗಂಟುಗಳ ಗುರುತು ಸಾಲಾಗಿ ಮೂಡಿದ್ದರೆ ಸೆಟ್ಟಿಂಗ್ ಸರಿಯಿದೆ. ಎರಡೂವರೆ ಅಡಿಗೊಂದರಂತೆ ಜಲ್ಲಿ ಕೆದರಿದ್ದರೆ ಪ್ರತಿ ತುಳಿತಕ್ಕೂ ಚಕ್ರ ಜಾರುತ್ತಿದೆ ಎಂದರ್ಥ. ಮೇಲೆ ಹೇಳಿದ ಗೇರಿನಲ್ಲಿ ಒಂದು ತುಳಿತಕ್ಕೆ ಸೈಕಲ್ ಸಾಗುವುದು ಅಷ್ಟೇ ದೂರ. ಆಗ ಆ್ಯಪ್ ತೆಗೆದು (ಫೋನಿನಲ್ಲಿ ಮೋಟಾರಿನ ಸೆಟ್ಟಿಂಗ್ ಬದಲಿಸುವುದು ಇದರಲ್ಲೇ) ಮೊದಲು ಚುರುಕುತನ ಇಳಿಸಿ. ಸಾಲದಿದ್ದರೆ ಮಾತ್ರ ಗರಿಷ್ಠ ಟಾರ್ಕ್ ಇಳಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ, ಅದೂ ಅದೇ ಏರಿನಲ್ಲಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ.

ತುಳಿಯುವುದು ನಿಲ್ಲಿಸಿದ ಮೇಲೂ ಕೆಲವು ಮೋಟಾರು ಕ್ಷಣಕಾಲ ತಳ್ಳುತ್ತವೆ. ಬಂಡೆ ಹತ್ತುವಾಗ ಪೆಡಲ್ ಕಲ್ಲಿಗೆ ತಾಗದಂತೆ ಕಾಲು ನಿಲ್ಲಿಸಿದರೂ ಮುಂದೆ ಸಾಗಬಹುದು, ಅದಕ್ಕೆ ಇದು ಒಳ್ಳೆಯದು. ಕಡಿದಾದ ತಿರುವಿನಲ್ಲಿ ಇದೇ ಅಪಾಯ. ಕಲಿಯುವ ತನಕ ಇದನ್ನು ಕಡಿಮೆಯಲ್ಲೇ ಇಡಿ.

ಏಪ್ರಿಲ್ ಬಿಸಿಲಿನಲ್ಲಿ ಇನ್ನೊಂದು ತೊಂದರೆ. ದೊಡ್ಡ ಗೇರಿನಲ್ಲಿ ಕಷ್ಟಪಟ್ಟು ನಿಧಾನವಾಗಿ ತುಳಿದರೆ ಮೋಟಾರು ಹೆಚ್ಚು ಕರೆಂಟ್ ಎಳೆಯುತ್ತದೆ. ಕರೆಂಟ್ ಎರಡು ಪಟ್ಟಾದರೆ ತಂತಿಯ ಸುರುಳಿಯಲ್ಲಿ ಹುಟ್ಟುವ ಬಿಸಿ ನಾಲ್ಕು ಪಟ್ಟು. ಬಿಸಿ ಮಿತಿ ಮೀರಿದಾಗ ಮೋಟಾರು ತಾನಾಗಿಯೇ ಬಲ ಇಳಿಸಿಕೊಳ್ಳುತ್ತದೆ, ಅದೂ ಏರಿನ ನಡುವೆಯೇ. ಸಣ್ಣ ಗೇರು ಹಾಕಿ ನಿಮಿಷಕ್ಕೆ 75 ಸುತ್ತಿನ ಆಸುಪಾಸು ತುಳಿದರೆ ಮೋಟಾರೂ ತಣ್ಣಗಿರುತ್ತದೆ, ಮೊಣಕಾಲೂ ಉಳಿಯುತ್ತದೆ.

ಬ್ಯಾಟರಿ ಲೆಕ್ಕ ಸುಲಭ. 100 ಕೆಜಿಯನ್ನು 100 ಮೀಟರ್ ಎತ್ತರಕ್ಕೆ ಒಯ್ಯಲು 27 ವ್ಯಾಟ್ ಅವರ್ ಬೇಕು. ಅದರಲ್ಲಿ ನಿಮ್ಮ ಕಾಲಿನ ಪಾಲು ಕಳೆಯಿರಿ, ಬಿಸಿಯಾಗಿ ಪೋಲಾಗುವುದನ್ನು ಸೇರಿಸಿ. 500 ವ್ಯಾಟ್ ಅವರ್ ಬ್ಯಾಟರಿಗೆ ಗುಡ್ಡ ಅಷ್ಟು ದೊಡ್ಡ ಹೊರೆಯಲ್ಲ.

ಬಯಲಿನ ಗಾಳಿಯೇ ಹೆಚ್ಚು ತಿನ್ನುತ್ತದೆ. ಗಂಟೆಗೆ 20 ಕಿ.ಮೀ. ವೇಗದಲ್ಲಿ ಹೋಗುವಾಗ ಅಷ್ಟೇ ವೇಗದ ಗಾಳಿ ಎದುರಾದರೆ, ಗಾಳಿಯನ್ನು ಸೀಳಲು ಬೇಕಾದ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಆಷಾಢದಲ್ಲಿ ಚಿತ್ರದುರ್ಗದಿಂದ ಚಳ್ಳಕೆರೆ ಕಡೆ ಹೊರಟರೆ ಪಡುವಣ ಗಾಳಿ ಬೆನ್ನಿಗಿರುತ್ತದೆ. ಹೋಗುವಾಗ ಇಕೋದಲ್ಲೇ ಇರಿ, ಬೇಕಾದರೆ ಮೋಟಾರು ಆಫ್ ಮಾಡಿ. ವಾಪಸ್ ಹೊರಡುವ ಹೊತ್ತಿಗೆ ಬ್ಯಾಟರಿ ಅರ್ಧಕ್ಕಿಂತ ಸಾಕಷ್ಟು ಜಾಸ್ತಿ ಉಳಿದಿರಬೇಕು.